ಗುಂಪಿನ ಅಪ್ಪಣೆ

ಮಾರ್ಚ್ 4

ಮತ್ತೆ ಕಾಲು ಬೋಳಿಸಿದೆ. ಎಡ ಮೊಣಕಾಲಿನ ಕೆಳಗಿನ ಹಳೇ ಗಾಯದ ಹತ್ತಿರ ಬ್ಲೇಡು ಎಡವುತ್ತದೆ, ಇವತ್ತೂ ರಕ್ತ. ಮೂವತ್ತೈದು ವರ್ಷದ ಗಂಡಸು ಹೋಟೆಲಿನ ಬಚ್ಚಲಲ್ಲಿ ಕೂತು ಮದುವಣಗಿತ್ತಿಯ ಹಾಗೆ ಕಾಲು ನುಣ್ಣಗೆ ಮಾಡಿಕೊಳ್ಳುವುದು — ಇದಕ್ಕೆ ಉದ್ಯೋಗ ಎಂದು ಹೆಸರು.

ಬೆಳಿಗ್ಗೆ ಬೆಟ್ಟದ ಕಡೆ ಸೈಕಲ್ ಸವಾರಿ. ಆಲಿವ್ ಮರಗಳ ಕೆಳಗೆ ಕಾಯಿ ಹಿಡಿಯುವ ಬಲೆ ಇನ್ನೂ ಹಾಸಿಯೇ ಇದೆ. ಮಿಮೋಸಾ ಉದುರಿ ರಸ್ತೆಯೆಲ್ಲ ಹಳದಿ. ಒದ್ದೆಯಾದರೆ ಜಾರುತ್ತದೆ, ಹೂವಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ.

ಮುಂದಿನ ವಾರದ ರೇಸಿನ ದಾರಿ ಕೊಟ್ಟರು. ಮೂರನೆಯ ದಿನ ಸಮುದ್ರದ ಪಕ್ಕದ ರಸ್ತೆ. ಕಾಲಮೋರದ ಮೇಲೆ ಹಾದುಹೋಗುತ್ತದೆ. ನಮ್ಮೂರು. ನಮ್ಮ ಮನೆಯ ಮುಂದೆಯೇ. ನಾನು ರೇಸಿಗಿಳಿದ ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಅಪ್ಪನಿಗೆ ಫೋನು ಮಾಡಿದೆ.

"ಯಾರು?"

"ನಾನಪ್ಪಾ. ಸೀರೊ."

"ಗೆದ್ಯೇನೋ?"

"ರೇಸು ಇನ್ನೂ ಶುರುವಾಗಿಲ್ಲಪ್ಪಾ."

"ಮುಗಿದ್ಮೇಲೆ ಕೇಳಿದ್ರೂ ಇಲ್ಲ ಅಂತೀಯ. ಅದಕ್ಕೇ ಮುಂಚೇನೇ ಕೇಳಿ ಮುಗಿಸ್ದೆ."

ಅಪ್ಪನ ಹಾಸ್ಯ ಅವನು ಮಾರುತ್ತಿದ್ದ ಮೀನಿನ ಹಾಗೆ. ಮುಳ್ಳು ತೆಗೆದು ಕೊಡುವ ಅಭ್ಯಾಸ ಅವನಿಗಿಲ್ಲ. ದಾರಿಯ ವಿಷಯ ಹೇಳಿದೆ. ಆ ಕಡೆ ಕುರ್ಚಿ ಎಳೆದ ಸದ್ದು. ಫೋನು ಅಕ್ಕ ತೆಕ್ಲಾಳ ಕೈಗೆ ಹೋಯಿತೇನೋ ಅಂದುಕೊಂಡೆ.

"ನಿಲ್ತೀಯಾ?" ಅಂದ.

"ಗುಂಪಿನೋರು ಒಪ್ಪಿದ್ರೆ ನಿಲ್ತೀನಪ್ಪಾ."

"ಟಿ.ವಿ.ಲಿ ಬಂದ್ರೆ ನಂಗೆ ಕಾಣಲ್ಲ. ಮನೆಗೆ ಬಂದಾಗ ಯಾವ್ದೋ ಗುಮಾಸ್ತನ ಥರ ಸೋಪಿನ ವಾಸ್ನೆ ಹೊಡೀತೀಯ. ಒಂದ್ಸಲ ರೇಸಲ್ಲಿರೋವಾಗ ನಿನ್ನ ಮುಖ ಮುಟ್ಟಿ ನೋಡ್ಬೇಕು ಕಣೋ. ಬೆವರಿನ ಸಮೇತ."

ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದು ಎರಡು ವರ್ಷವಾಯಿತು. ಈಗ ಬಿಸಿಲು ಯಾವುದು, ನೆರಳು ಯಾವುದು, ಅಷ್ಟೇ ಗೊತ್ತಾಗುವುದು. ಇಷ್ಟು ಮಾತು ಅವನ ಬಾಯಿಂದ ನಾನು ಕೇಳಿದ್ದಿಲ್ಲ.


ಮಾರ್ಚ್ 9

ಮೊದಲ ದಿನ ಮುಗಿಯಿತು. ಎದುರು ಗಾಳಿ. ನನ್ನ ಕೆಲಸ ಯಾವಾಗಿನದೇ — ಹಿಂದೆ ಬರುವ ನಮ್ಮ ಟೀಮಿನ ಕಾರಿನ ಹತ್ತಿರ ಹೋಗು, ಅಂಗಿಯೊಳಗೆ ನೀರಿನ ಬಾಟಲಿ ತುರುಕಿಕೊ, ಬಸುರಿಯ ಹಾಗೆ ಗುಂಪು ಸೀಳಿಕೊಂಡು ಮುಂದೆ ಬಾ, ಹಂಚು, ಮತ್ತೆ ಹೋಗು. ಟೀಮಿನ ನಾಯಕ ಬಾಯಿ ಒರೆಸಿಕೊಂಡು ಬಾಟಲಿ ಬಿಸಾಡುತ್ತಾನೆ. ಥ್ಯಾಂಕ್ಸ್ ಹೇಳುವ ಪದ್ಧತಿ ಇಲ್ಲ. ನಾನೂ ನಿರೀಕ್ಷಿಸುವುದಿಲ್ಲ… ಸುಳ್ಳು. ನಿರೀಕ್ಷಿಸುತ್ತೇನೆ.

ಒಂದು ಗೆಲುವೂ ಇಲ್ಲದ ಹನ್ನೊಂದು ವರ್ಷ. ಕಾಲಮೋರದ ಬಾರಿನಲ್ಲಿ ನನ್ನನ್ನು ಪೋಸ್ಟ್‌ಮ್ಯಾನ್ ಅನ್ನುತ್ತಾರಂತೆ. ಅವನೂ ದಿನಾ ಸೈಕಲ್ ಹೊಡೆಯುತ್ತಾನೆ, ಅವನೂ ಗೆದ್ದಿಲ್ಲ. ಆ ಹೆಸರು ಇಟ್ಟವನು ಅಪ್ಪನೇ.


ಮಾರ್ಚ್ 10, ಮಧ್ಯಾಹ್ನ

ಪೇಯೊನನ್ನು ಕೇಳಿದೆ.

ಪೇಯೊ ಬಾಸ್ಕ್ ಎಂಬ ಬೆಟ್ಟಸೀಮೆಯವನು, ಬೇರೆ ಟೀಮಿನವನು. ಗುಂಪಿನಲ್ಲಿ ಎಲ್ಲರಿಗಿಂತ ಹಳಬ. ಕಿವಿ ಎರಡೂ ಒಣಗಿದ ಅಂಜೂರ. ಯಾವ ರೂಲ್ ಪುಸ್ತಕದಲ್ಲೂ ಇಲ್ಲದ ಕಾನೂನೆಲ್ಲ ಅವನ ಬಾಯಲ್ಲಿದೆ. ಯಾರಾದರೂ ಮೂತ್ರಕ್ಕೆ ನಿಂತಾಗ ಓಡಬಾರದು. ನಾಯಕ ಬಿದ್ದಾಗ ಕಾಯಬೇಕು. ಯಾರದಾದರೂ ಊರು ಬಂದರೆ ಅವನನ್ನು ಒಬ್ಬನೇ ಮುಂದೆ ಬಿಡಬೇಕು. ಅವನು ಮನೆಯವರನ್ನು ಮುದ್ದಾಡಿ ಬರುವವರೆಗೆ ಗುಂಪು ನಿಧಾನ ತುಳಿಯಬೇಕು. ಆ ಹೊತ್ತಿನಲ್ಲಿ ರೇಸು ಇಲ್ಲ.

ಪಕ್ಕದಲ್ಲಿ ತುಳಿಯುತ್ತ ಹೇಳಿದೆ. "ನಾಳೆ ನಮ್ಮೂರು ಬರುತ್ತೆ. ನಮ್ಮಪ್ಪ ಕಾಯ್ತಿರ್ತಾನೆ. ಕಣ್ಣಿಲ್ಲ."

"ಎಷ್ಟು ಹೊತ್ತು ಬೇಕು?"

"ಒಂದು ಮುತ್ತು ಕೊಡೋವಷ್ಟು."

"ಎರಡು ಕೊಡು ಮಾರಾಯ. ಹನ್ನೊಂದು ವರ್ಷದಿಂದ ಯಾರ ಹತ್ರ ಏನು ಕೇಳಿದ್ದೀಯ ನೀನು? ಎಲ್ರಿಗೂ ನಾನು ಹೇಳ್ತೀನಿ. ನನ್ನ ಮಾತು."

ನನ್ನ ಬೆನ್ನು ತಟ್ಟಿದ. ಕಣ್ಣು ಒದ್ದೆಯಾಯಿತು, ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು.


ಮಾರ್ಚ್ 10, ಸಂಜೆ

ಮಾಲೀಸಿನ ಮೇಜಿನ ಮೇಲೆ ಮಲಗಿದ್ದಾಗ ಝಾಂಕೆತ್ತ ಬಂದ. ನಮ್ಮ ಮ್ಯಾನೇಜರ್. ಮಾಲೀಸಿನವನನ್ನು ಹೊರಗೆ ಕಳಿಸಿದ. ಅವನು ಬಾಗಿಲು ಹಾಕಿ ಮಾತಾಡಿದ ಯಾವ ಮಾತೂ ಒಳ್ಳೆಯದಾಗಿದ್ದಿಲ್ಲ.

"ಅಪ್ಪಣೆ ಸಿಕ್ತಂತೆ?"

"ಸಿಕ್ತು."

"ಸಂತೋಷ. ನಿಲ್ಬೇಡ."

ಅರ್ಥವಾಗಲಿಲ್ಲ. ಅರ್ಥವಾಗಿಲ್ಲ ಎಂಬ ಮುಖ ಮಾಡಿದೆ ಅನ್ನುವುದು ಹೆಚ್ಚು ಸರಿ.

"ಕಾಲಮೋರ ದಾಟಿದ್ರೆ ಏನಿದೆ? ಎರಡು ಭೂಶಿರ. ಬರೀ ತಿರುವು. ಹಿಂದಿನೋರಿಗೆ ಮುಂದಿನೋನು ಕಾಣಲ್ಲ. ಟಿ.ವಿ.ಯೋರು ಶುರು ಮಾಡೋದು ಅದಾದ್ಮೇಲೆ. ಅವ್ರು ನಿಂಗೋಸ್ಕರ ನಿಧಾನ ಮಾಡಿರ್ತಾರೆ, ಬ್ರೆಡ್ಡು ತಿಂತಾ ಹರಟೆ ಹೊಡೀತಿರ್ತಾರೆ. ಗೊತ್ತಾಗೋ ಹೊತ್ತಿಗೆ ನೀನು ಎರಡನೇ ಭೂಶಿರದ ಮೇಲಿರ್ತೀಯ. ಬೆನ್ನಟ್ಟೋರಿಗೆ ಅಡ್ಡ ಹಾಕಕ್ಕೆ ನಮ್ಮ ಹುಡುಗ್ರು ಇದ್ದಾರೆ."

"ಪೇಯೊ ಮಾತು ಕೊಟ್ಟಿದ್ದಾನೆ."

"ಕೊಟ್ಟಿರೋದು ಅವ್ನು. ನೀನಲ್ವಲ್ಲ."

"ನಮ್ಮಪ್ಪ ಕುರ್ಚಿ ಹಾಕ್ಕೊಂಡು ಕೂತಿರ್ತಾನೆ."

"ನಿಮ್ಮಪ್ಪ ಫೋನಲ್ಲಿ ಏನು ಕೇಳ್ತಾನೆ ಅಂತ ಟೀಮಿನ ಬಸ್ಸಲ್ಲಿ ಎಲ್ರಿಗೂ ಗೊತ್ತಪ್ಪಾ. ಮುತ್ತು ಕೇಳ್ತಾನಾ, ಗೆಲುವು ಕೇಳ್ತಾನಾ?"

ಟವಲಿನಲ್ಲಿ ಮುಖ ಒರೆಸಿಕೊಂಡೆ.

"ಬ್ರೇಕು ಹಿಡಿದ್ರೆ ನೀನು ಒಳ್ಳೆ ಮಗ. ಒಳ್ಳೆ ಮಕ್ಕಳು ಊರ್ತುಂಬಾ ಇದ್ದಾರೆ, ಅವ್ರಿಗೆಲ್ಲ ಮುಂದಿನ್ವರ್ಷ ನಾನು ಸೈಕಲ್ ಕೊಡಲ್ಲ. ಗೆದ್ರೆ ಕೊಡ್ತೀನಿ." ನನ್ನ ತೊಡೆಗೆ ಎರಡು ಬಾರಿ ತಟ್ಟಿ ಎದ್ದ, ಮಾರುವ ಎತ್ತಿನ ತೊಡೆ ತಟ್ಟುವ ಹಾಗೆ.

ಛೀ ಅಂದು ಎದ್ದು ಹೋಗಬೇಕಿತ್ತು. ಮಲಗಿಯೇ ಇದ್ದೆ. ಲೆಕ್ಕ ಹಾಕುತ್ತಿದ್ದೆ — ಮುತ್ತು ಯಾವಾಗ ಬೇಕಾದರೂ ಕೊಡಬಹುದು. ಸೋಮವಾರ ಊರಿಗೆ ಹೋಗಿ ಕೊಡಬಹುದು. ಗೆಲುವು ಹಾಗಲ್ಲ. ಅಪ್ಪ ಇನ್ನೆಷ್ಟು ದಿನ… ಪೋಸ್ಟ್‌ಮ್ಯಾನಿನ ಅಪ್ಪನಾಗಿಯೇ ಹೋಗಬೇಕೇ ಅವನು?


ಮಾರ್ಚ್ 11, ಬೆಳಿಗ್ಗೆ

ಅಕ್ಕನ ಫೋನು.

"ಎಂಟಕ್ಕೇ ಹೊರಗೆ ಬಂದು ಕೂತವ್ನೆ ಕಣೋ. ಮದುವೆ ಕೋಟು ಬೇರೆ. ಕೈ ತೂರಲ್ಲ ಅಂದ್ರೆ ಹೊಲಿಗೆ ಬಿಚ್ಚು ಅಂದ. ರೇಸು ಬರೋದು ಮೂರು ಗಂಟೆಗೆ ಅಪ್ಪಾ ಅಂದ್ರೆ, ಜಾಗ ಹೋಗ್ಬಿಡುತ್ತೆ ಅಂತಾನೆ. ಯಾರು ಬರ್ತಾರೆ ಇವ್ನ ಜಾಗಕ್ಕೆ!"

ನಗುತ್ತಿದ್ದಳು. ಅಕ್ಕ ನಕ್ಕು ಯಾವ ಕಾಲವಾಯಿತೋ. ಮದುವೆ ಬೇಡ ಅಂದು ಅವನನ್ನು ನೋಡಿಕೊಂಡು ಕೂತವಳು. ರಸ್ತೆಯ ಮೇಲೆ ಹುಡುಗರು ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದಾರಂತೆ. ಅವಳು ಸೋಂಪು ಹಾಕಿದ ಬಿಸ್ಕತ್ತು ಮಾಡಿದ್ದಾಳಂತೆ, ಒಂದಾದರೂ ಬಾಯಿಗೆ ಹಾಕಿಕೊಂಡು ಹೋಗಬೇಕಂತೆ.

"ನಿಲ್ತೀಯ ತಾನೇ?"

"ಹೂಂ" ಅಂದೆ.

ಹೇಳುವಾಗ ಸುಳ್ಳಾಗಿರಲಿಲ್ಲ. ಏನೂ ತೀರ್ಮಾನ ಮಾಡಿರಲಿಲ್ಲ.


ಮಾರ್ಚ್ 11, ಸಂಜೆ, ಬಸ್ಸಿನಲ್ಲಿ

ಗೆದ್ದೆ.

ಪದ ಬರೆದು ನೋಡುತ್ತಿದ್ದೇನೆ. ಚಿಕ್ಕ ಪದ.

ನಡೆದದ್ದು ನಡೆದ ಹಾಗೆ ಬರೆಯಬೇಕು. ಮುಂದೆ ನಾನೇ ಬೇರೆ ಥರ ಹೇಳಿಕೊಂಡೇನು.

ನಮ್ಮೂರಿಗೆ ಮುಂಚೆ ಬರುವ ಸುರಂಗದ ಈಚೆ ಪೇಯೊ ಕೈ ಎತ್ತಿದ. ಗುಂಪು ನಿಧಾನವಾಯಿತು. "ಹೋಗಪ್ಪಾ ಹೋಗು" ಅಂದರು. ಯಾರೋ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ, "ನಿಮ್ಮಪ್ಪಂಗೆ ನಮ್ದೂ ಒಂದು ಮುತ್ತು ಕೊಡೋ" ಅಂದ. ನಕ್ಕರು. ನಾನೂ ನಕ್ಕೆ. ಪೇಯೊ ಸ್ವತಃ ನನ್ನ ಸೀಟಿನ ಹಿಂದೆ ಕೈಯಿಟ್ಟು ಮುಂದಕ್ಕೆ ತಳ್ಳಿದ. ಆ ಕೈ ಇನ್ನೂ ಅಲ್ಲೇ ಇದ್ದ ಹಾಗಿದೆ.

ಸುರಂಗದಿಂದ ಹೊರಗೆ ಬಂದರೆ ಬಿಸಿಲು, ಎಡಕ್ಕೆ ಸಮುದ್ರ, ಊರು. ಎಲ್ಲರೂ ಬಾಲ್ಕನಿಯಲ್ಲಿ. ರಸ್ತೆಯ ಮೇಲೆ ನನ್ನ ಹೆಸರು, ಒಂದರ ಮೇಲೊಂದು ನನ್ನ ಹೆಸರು. ಮುಚ್ಚಿದ ನಮ್ಮ ಮೀನಿನಂಗಡಿಯ ಮುಂದೆ ಕುರ್ಚಿ. ಅಪ್ಪ ಎದ್ದು ನಿಂತಿದ್ದ. ಬಲಗೈ ಚಾಚಿದ್ದ, ಬೆರಳು ಅಗಲಿಸಿ. ಅಕ್ಕ ಅವನ ಮೊಣಕೈ ಹಿಡಿದಿದ್ದಳು. "ಬಂದ ಅಪ್ಪಾ! ಬಂದ!" ಅವಳ ಕೂಗು ಚಪ್ಪಾಳೆಯ ನಡುವೆಯೂ ಕೇಳಿಸಿತು.

ಬ್ರೇಕಿನ ಮೇಲೆ ಎರಡು ಬೆರಳು ಇಟ್ಟಿದ್ದೆ. ಇಟ್ಟಿದ್ದು ನಿಜ.

ಕಿವಿಯೊಳಗಿನ ಯಂತ್ರದಲ್ಲಿ ಝಾಂಕೆತ್ತ, "ಈಗ. ಈಗ. ತುಳಿ ಮಗನೇ ತುಳಿ."

ತುಳಿದೆ. ಅವನ ಕೈಯಿಂದ ಒಂದು ಮಾರು ದೂರದಲ್ಲಿ ಹಾದೆ. ಮುಖ ನೋಡಲಿಲ್ಲ, ಕೋಟಿನ ಗುಂಡಿ ನೋಡಿದೆ. ಚಪ್ಪಾಳೆ ಅರ್ಧಕ್ಕೆ ನಿಂತಿತು.

ಆಮೇಲಿನದು ಕಾಲಿನ ಕೆಲಸ. ಮೊದಲ ಭೂಶಿರ, ಎರಡನೆಯದು. ಇಳಿಜಾರಿನಲ್ಲಿ ಹಿಂದೆ ತಿರುಗಿದರೆ ಯಾರೂ ಇಲ್ಲ. ಇಷ್ಟು ಚೆನ್ನಾಗಿ ಎಂದೂ ತುಳಿದಿರಲಿಲ್ಲ, ಅದನ್ನೂ ಬರೆಯಲೇಬೇಕು. ಫಿನಿಶಿನಲ್ಲಿ ಕೈ ಎತ್ತಿದೆ. ಎರಡೂ ಕೈ ಬಿಟ್ಟು ಸೈಕಲ್ ಓಡಿಸುವುದು ಅಪ್ಪ ಕಲಿಸಿದ್ದು, ಅದೇ ಮೀನಿನಂಗಡಿಯ ಮುಂದೆ.

ಗುಂಪು ಬಂತು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೇಯೊ ಪಕ್ಕದಲ್ಲಿ ನಿಂತು ನೀರು ಕುಡಿದ. ಬಾಟಲಿ ಮುಚ್ಚಿದ.

"ನಾವು ಬಂದಾಗ್ಲೂ ನಿಮ್ಮಪ್ಪ ಕೈ ಚಾಚ್ಕೊಂಡೇ ಇದ್ದ ಕಣೋ" ಅಂದ. ಅಷ್ಟೇ. ಹೋದ.

ವೇದಿಕೆಯ ಮೇಲೆ ನಿಲ್ಲಿಸಿ ಬೆಳ್ಳಿಯ ಬಣ್ಣದ ಒಂದು ಕಪ್ ಕೊಟ್ಟರು. ಇಬ್ಬರು ಹುಡುಗಿಯರು ಕೆನ್ನೆಗೆ ಮುತ್ತು ಕೊಟ್ಟರು. ಆ ಕೆನ್ನೆಯಲ್ಲಿ ಬೆವರಿನ ಉಪ್ಪು ಇನ್ನೂ ಹಾಗೇ ಇತ್ತು.


ಅದೇ ದಿನ, ಊಟಕ್ಕೆ ಮುಂಚೆ

ಅಕ್ಕ ಫೋನು ಎತ್ತಿದಳು.

"ಅಪ್ಪ ಎಲ್ಲಿ?"

"ಈಗ ಒಳಗೆ ಕರ್ಕೊಂಡು ಬಂದೆ. ರೇಸೆಲ್ಲ ಹೋಗಿ, ಕೊನೇ ಗಾಡಿ ಹೋಗಿ, ರಸ್ತೆ ಬಿಟ್ಟು, ಬಸ್ಸು ಓಡಾಡಕ್ಕೆ ಶುರುವಾದ್ರೂ ಏಳ್ಲಿಲ್ಲ."

"ನಾನು—"

"ಹೋದೋನು ನೀನಲ್ಲ ಅಂದ್ಬಿಟ್ಟೆ. ನಾನೇ ತಪ್ಪು ನೋಡ್ದೆ, ಯಾವ್ದೋ ಪೊಲೀಸ್ ಗಾಡಿ ಅಂದೆ. ಸೀರೊ ಹಿಂದಿದ್ದಾನೆ, ಬರ್ತಾನೆ ಅಂದೆ. ಆಮೇಲೆ ಕಾಲು ಸೋತು ಅರ್ಧದಲ್ಲೇ ಇಳಿದ್ಬಿಟ್ನಂತೆ ಅಂದೆ. ರೇಡಿಯೊ ವೈರು ಕಿತ್ತಿದ್ದೀನಿ. ಬಾರಿನೋರಿಗೆ, ಪಾದ್ರಿಗೆ, ಎಲ್ರಿಗೂ ಹೇಳಿದ್ದೀನಿ, ಯಾರೂ ಬಾಯಿ ಬಿಡಬಾರ್ದು ಅಂತ."

"ಅಕ್ಕಾ, ನಾನು ಗೆದ್ದೆ. ಅವ್ನಿಗೋಸ್ಕರ—"

"ಹೇಳ್ತೀಯಾ? ಬಾ, ನೀನೇ ಹೇಳು. ಹೇಗೆ ಗೆದ್ದೆ ಅಂತ್ಲೂ ಹೇಳು."

ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಯಾರಿಗಾಗಿ ಗೆದ್ದೆನೋ ಅವನೊಬ್ಬನಿಗೆ ಹೇಳಲಾರೆ.

ಹಿಂದಿನಿಂದ ಅಪ್ಪನ ದನಿ. "ಸೀರೊನಾ? ಕೊಡಿಲ್ಲಿ."

"ಕಾಲು ಸೋತ್ಹೋಯ್ತಂತೆ?" ಅಂದ ಅಪ್ಪ.

"ಹೂಂ ಅಪ್ಪಾ."

"ಇರ್ಲಿ ಬಿಡೋ. ದೊಡ್ಡ ದೊಡ್ಡೋರೇ ಇಳಿದಿದ್ದಾರೆ. ನಾಳೆ ನೋವು ಬರುತ್ತೆ, ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಕೊ. ನಿಂಗೆ ಬೇಜಾರಾಗಿರುತ್ತೆ, ನಿಲ್ಲಕ್ಕಾಗಿಲ್ಲ ಅಂತ. ನಂಗೇನಿಲ್ಲ ಕಣೋ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಗೆದ್ಯೇನೋ ಅಂತ ಕೇಳಲಿಲ್ಲ. ಕಪ್ ನನ್ನ ತೊಡೆಯ ಮೇಲಿತ್ತು.


ಮಾರ್ಚ್ 12

ಮಾಡಿದ್ದುಣ್ಣೋ ಮಹರಾಯ.

ಬೆಳಿಗ್ಗೆ ನಾನು ಮೂತ್ರಕ್ಕೆ ನಿಂತೆ. ಗುಂಪು ಓಡಿತು. ಮುಂದಿದ್ದವರೆಲ್ಲ ಎದ್ದು ನಿಂತು ತುಳಿದರು, ಫಿನಿಶ್ ಎದುರಿಗೇ ಇದ್ದ ಹಾಗೆ. ಒಬ್ಬನೇ ಬೆನ್ನಟ್ಟಿ ಸೇರುವ ಹೊತ್ತಿಗೆ ಬಾಯಲ್ಲಿ ರಕ್ತದ ರುಚಿ. ಸೇರಿದ ಮೇಲೆ ಸಾಲಿನೊಳಗೆ ಜಾಗ ಕೊಡಲಿಲ್ಲ. ಮಾತಿಲ್ಲ, ಬೈಗುಳವಿಲ್ಲ. ನಾನು ಹೋದಲ್ಲೆಲ್ಲ ಸಾಲು ಕದಲಿ ನಾನು ಗಾಳಿಗೆ ಬೀಳುತ್ತಿದ್ದೆ. ರಸ್ತೆಯಲ್ಲಿ ಗುಂಡಿ ಬಂದರೆ ಮುಂದಿನವನು ಹಿಂದಿನವನಿಗೆ ಕೈ ತೋರಿಸಬೇಕು. ನನ್ನ ಮುಂದಿನವನು ತೋರಿಸಲಿಲ್ಲ. ಚಕ್ರ ಬಡಿದು ಬಿದ್ದೆ. ಸೊಂಟದ ಚರ್ಮ ಹೋಯಿತು. ನನ್ನದೇ ಟೀಮಿನವನು ಅವನು. ನೆನ್ನೆ ಝಾಂಕೆತ್ತ ಹೇಳಿದ್ದಕ್ಕೆ ಬೆನ್ನಟ್ಟುವವರಿಗೆ ಅಡ್ಡ ಹಾಕಿದ್ದನಲ್ಲ, ಅವನೇ.

ಇದನ್ನೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಮಧ್ಯಾಹ್ನ ಆಯಿತು.

ದುಚ್ಚೊ ಎಂಬ ಹುಡುಗನ ಊರು ಬಂತು. ಹೆಂಡತಿ ಹೆತ್ತು ತಿಂಗಳೂ ಆಗಿಲ್ಲ. ಬೆಳಿಗ್ಗೆಯೇ ಪೇಯೊನನ್ನು ಕೇಳಿದ್ದನಂತೆ. ನನ್ನ ಹಿಂದೆಯೇ ಇದ್ದರು, ಮಾತು ಕೇಳಿಸುತ್ತಿತ್ತು.

"ಒಂದೇ ನಿಮಿಷ ಪೇಯೊ. ಮಗು ಮುಖ ನೋಡ್ಕೊಂಡು ಬಂದ್ಬಿಡ್ತೀನಿ."

"ಇಲ್ಲ."

"ನಾನು ಹಾಗೆ ಮಾಡೋನಲ್ಲ, ನಿಂಗೊತ್ತು."

"ಗೊತ್ತು. ಅವ್ನೂ ಮಾಡೋನಲ್ಲ ಅಂತ ಗೊತ್ತಿತ್ತು ನಂಗೆ. ಇನ್ಮೇಲೆ ಯಾರಿಗೂ ಇಲ್ಲ."

ಹಳದಿ ಗೋಡೆಯ ಮನೆ. ಮೆಟ್ಟಿಲ ಮೇಲೆ ಹುಡುಗಿ, ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಗುಂಪು ವೇಗವಾಗಿತ್ತು. ಬೇಕೆಂದೇ ವೇಗ ಮಾಡಿದ್ದರು. ಯಾರು ತನ್ನ ಗಂಡ ಎಂದು ಹುಡುಕುವಷ್ಟರಲ್ಲಿ ಎಲ್ಲರೂ ಹೋಗಿಯಾಗಿತ್ತು. ದುಚ್ಚೊ ಅಳುತ್ತಿದ್ದ. ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದ. ಅವನು ಬಯ್ಯುವ ಮೊದಲೇ ನಾನು ತಲೆ ತಗ್ಗಿಸಿದ್ದೆ.

ನೂರು ವರ್ಷದ ಪದ್ಧತಿಯಂತೆ. ಒಂದೇ ಮಧ್ಯಾಹ್ನಕ್ಕೆ ಮುಗಿಸಿದೆ. ಕೊನೆಗೂ ಒಂದು ದಾಖಲೆ.


ಮಾರ್ಚ್ 14

ರೇಸು ಮುಗಿಯಿತು. ಝಾಂಕೆತ್ತ ಕಾಫಿಗೆ ಕರೆದ. ಸಕ್ಕರೆ ಕಲಕುತ್ತಾ ಕೂತಿದ್ದ.

"ಮುಂದಿನ್ವರ್ಷದ್ದು ಹೇಳ್ಬೇಕಿತ್ತು."

"ಗೆದ್ರೆ ಕೊಡ್ತೀನಿ ಅಂದಿದ್ರಿ."

"ಅಂದಿದ್ದೆ. ಆದ್ರೆ ನೀನೇ ಯೋಚ್ನೆ ಮಾಡಪ್ಪಾ. ನೀರು ಹೊರೋನು ಗುಂಪಲ್ಲಿ ಹಿಂದೆ ಮುಂದೆ ಓಡಾಡ್ಬೇಕು. ನಿಂಗೆ ಯಾರು ದಾರಿ ಬಿಡ್ತಾರೆ? ನೀನು ಬಂದ್ರೆ ನಮ್ಮ ನಾಯಕಂಗೂ ದಾರಿ ಬಿಡಲ್ಲ ಅಂತಿದ್ದಾರೆ. ಕಷ್ಟ."

"ನಿಲ್ಬೇಡ ಅಂದೋರು ನೀವು."

"ನಾನು ಸಾವಿರ ಹೇಳ್ತೀನಿ. ಕಾಲು ಯಾರ್ದು?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಅವನ ಮೇಲೆ ಸಿಟ್ಟು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಕಾಲು ನನ್ನದೇ.


ಮಾರ್ಚ್ 17, ಕಾಲಮೋರ

ರೈಲಿನಲ್ಲಿ ಬಂದೆ. ಸ್ಟೇಷನ್ನಿನಿಂದ ಮನೆಗೆ ನಡೆದು ಬರುವಾಗ ರಸ್ತೆಯ ಮೇಲೆ ನನ್ನ ಹೆಸರು ಇನ್ನೂ ಇತ್ತು. ಅದರ ಮೇಲೆ ಯಾರೋ ಟಾರು ಬಳಿಯಲು ನೋಡಿ ಅರ್ಧಕ್ಕೆ ಬಿಟ್ಟಿದ್ದಾರೆ. ಬ್ರೆಡ್ಡಿನ ಅಂಗಡಿಯವಳು ನನ್ನ ಮುಖ ನೋಡಿ ಒಳಗೆ ಹೋದಳು.

ಅಪ್ಪ ಮಾತ್ರ ಸಂಭ್ರಮದಲ್ಲಿದ್ದ. ಮಂಚದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡ. ಸೊಂಟದ ಬ್ಯಾಂಡೇಜು ಮುಟ್ಟಿ, "ಬಿದ್ದಿದ್ದಾ? ಅದಕ್ಕೇ ಇಳಿದೆಯಾ? ಹೇಳ್ಬಾರ್ದಾ?" ಅಂದ. ಅಕ್ಕ ಒಲೆಯ ಕಡೆ ತಿರುಗಿ ನಿಂತಿದ್ದಳು. ಮೂವರಿಗೂ ಆ್ಯಂಚೊವಿ ಮೀನು ಹುರಿದಳು. ಅಪ್ಪ ತನ್ನ ಕೈಯಾರೆ ಮುಳ್ಳು ತೆಗೆದು ನನ್ನ ತಟ್ಟೆಗೆ ಹಾಕಿದ. ಚಿಕ್ಕಂದಿನಲ್ಲೂ ಅವನು ಹಾಗೆ ಮಾಡಿದ್ದು ನೆನಪಿಲ್ಲ. ನುಂಗಿದೆ.

ಹೇಳಬೇಕು. ನಾಳೆ ಹೇಳುತ್ತೇನೆ.


ಮಾರ್ಚ್ 18

ನಾನು ಹೇಳಬೇಕಾಗಿ ಬರಲಿಲ್ಲ.

ಬೆಳಿಗ್ಗೆ ಅಪ್ಪ ನನ್ನ ಭುಜ ಹಿಡಿದು ಬಾರಿಗೆ ಹೊರಟ. ಇಸ್ಪೀಟು. ಅವನ ಎಲೆಗಳನ್ನು ನಾನು ಕಿವಿಯಲ್ಲಿ ಹೇಳಬೇಕು, ಅವನು ಹೇಳಿದ್ದನ್ನು ನಾನು ಹಾಕಬೇಕು. ಎದುರಿಗೆ ತುನೀನ್, ಕ್ಷೌರದಂಗಡಿ ಇಟ್ಟಿದ್ದವನು, ಅಪ್ಪನ ಐವತ್ತು ವರ್ಷದ ಗೆಳೆಯ. ನಾನು ಹೋಗುತ್ತಲೂ ಬಾರಿನಲ್ಲಿ ಮಾತು ನಿಂತಿತು. ಅಪ್ಪನಿಗೆ ಅದು ಗೌರವ ಅನ್ನಿಸಿತು.

"ನೋಡ್ರೋ, ಬಂದಿದ್ದಾನೆ. ಸೊಂಟದ ಚರ್ಮ ಕಿತ್ಹೋಗಿದೆ, ಆದ್ರೂ ಅಪ್ಪನ್ನ ನೋಡಕ್ಕೆ ಬಂದಿದ್ದಾನೆ."

ಯಾರೂ ಉಸಿರೆತ್ತಲಿಲ್ಲ. ಅಕ್ಕನಿಗೆ ಕೊಟ್ಟ ಮಾತು ಊರು ಉಳಿಸಿಕೊಂಡಿತ್ತು. ಎರಡು ಆಟ ಅಪ್ಪನೇ ಗೆದ್ದ. ಗೆದ್ದರೆ ಅವನ ನಾಲಿಗೆ ಉದ್ದ.

"ತುನೀನ್, ನಿನ್ನ ಮಗ ಟ್ಯಾಕ್ಸಿ ಇಟ್ಕೊಂಡು ದಿನಕ್ಕೆ ನಾಕು ಸಲ ನಿನ್ನ ಮನೆ ಮುಂದೇನೇ ಹೋಗ್ತಾನಲ್ಲೋ. ಒಂದಿನ ನಿಲ್ಸಿ ಬದುಕಿದ್ದೀಯಾ ಅಂತ ಕೇಳಿದ್ದಾನಾ? ನನ್ನ ಮಗ ಬರಕ್ಕಾಗಿದ್ರೆ ರೇಸು ನಿಲ್ಸಿ ನಿಲ್ತಿದ್ದ."

ತುನೀನನ ಕುತ್ತಿಗೆ ಕೆಂಪಾಯಿತು. ಹೇಳಬೇಡ ಎಂದು ಕೈ ಮುಗಿದೆ. ನಿಜವಾಗಿ ಕೈ ಮುಗಿದೆ. ಅಪ್ಪನಿಗೆ ಕಾಣದಲ್ಲ.

"ನಿನ್ನ ಮಗ ಬಂದಿದ್ದ ಕಣೋ ಕುರುಡಾ" ಅಂದ ತುನೀನ್. "ಎಲ್ರಿಗಿಂತ ಮುಂದೆ ಬಂದ. ನೀನು ಭಿಕ್ಷುಕನ ಥರ ಕೈ ಚಾಚ್ಕೊಂಡು ನಿಂತಿದ್ದೆ, ಮುಂದಿಂದಾನೇ ಹೋದ. ನಿಲ್ತೀನಿ ಅಂತ ಎಲ್ರಿಗೂ ಟೋಪಿ ಹಾಕಿ, ಹೋಗಿ ಗೆದ್ದ. ಊರಿಗೆಲ್ಲ ಗೊತ್ತು. ನಿಂಗೊಬ್ಬನಿಗೆ ಗೊತ್ತಿಲ್ಲ."

ಹೇಳಿದ ಮೇಲೆ ತುನೀನನೇ ಬಾಯಿ ಮುಚ್ಚಿಕೊಂಡ. ಅಪ್ಪ ಅಲ್ಲಾಡಲಿಲ್ಲ. ಮೇಜಿನ ಮೇಲೆ ಬೆರಳಾಡಿಸಿ ಎಲೆ ಹುಡುಕಿದ.

"ಆಟ ಯಾರ್ದು?" ಅಂದ.

ಆಟ ಮುಗಿಸಿಯೇ ಎದ್ದ. ಬರುವಾಗ ನನ್ನ ಭುಜ ಹಿಡಿಯಲಿಲ್ಲ, ಗೋಡೆ ಹಿಡಿದು ಬಂದ. ಮನೆಯಲ್ಲಿ ಎಲ್ಲ ಹೇಳಿದೆ. ಝಾಂಕೆತ್ತ ಹೇಳಿದ್ದು, ನಾನು ಹಾಕಿದ ಲೆಕ್ಕ, ಪೋಸ್ಟ್‌ಮ್ಯಾನ್ ಅಂದದ್ದು ಚುಚ್ಚಿದ್ದು. ನಿನಗಾಗಿಯೇ ಗೆದ್ದೆ ಅಪ್ಪಾ ಅಂದೆ. ಕಪ್ ತಂದು ಅವನ ತೊಡೆಯ ಮೇಲಿಟ್ಟೆ. ಅತ್ತುಬಿಟ್ಟೆ. ಅವನು ಕಪ್ಪಿನ ಸುತ್ತ ನಿಧಾನವಾಗಿ ಬೆರಳಾಡಿಸಿದ. ಪಕ್ಕಕ್ಕಿಟ್ಟ.

"ಎಷ್ಟು ದೂರದಲ್ಲಿ ಹೋದೆ?"

"ಒಂದು ಮಾರು."

"ಗಾಳಿ ಬಂತು ಕೈಗೆ" ಅಂದ. "ಪೊಲೀಸ್ ಗಾಡಿ ಅನ್ಕೊಂಡೆ."




ಮಾರ್ಚ್ 19

ನಮ್ಮ ಕಡೆ ಇವತ್ತು ಅಪ್ಪಂದಿರ ಹಬ್ಬ. ಅಕ್ಕ ಬೆಳಿಗ್ಗೆಯೇ ಕಜ್ಜಾಯ ಕರಿದಳು. ಕರೆಯಲು ಹೋದರೆ ಅಪ್ಪ ಮನೆಯಲ್ಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಮದುವೆ ಕೋಟು.

ಮುಂದೆ ಹೋಗಿ ನಿಂತೆ.

"ಯಾರದು?"

"ನಾನಪ್ಪಾ."

"ಸ್ವಲ್ಪ ಪಕ್ಕಕ್ಕೆ ಬರ್ತೀರಾ ಸಾರ್? ಬಿಸಿಲು ಬೀಳ್ಲಿ. ಮಗನಿಗೆ ಕಾಯ್ತಾ ಇದ್ದೀನಿ. ರೇಸಲ್ಲಿದ್ದಾನೆ. ಸ್ವಲ್ಪ ಹಿಂದೆ ಬಿದ್ದಿದ್ದಾನಂತೆ, ಬರ್ತಾನೆ."

ತಮಾಷೆ ಅಂದುಕೊಂಡೆ. ನಕ್ಕೂ ಬಿಟ್ಟೆ. ಅವನು ನಗಲಿಲ್ಲ.

ಓಡಿಹೋಗಿ ಅಕ್ಕನಿಗೆ ಹೇಳಿದೆ, ತಲೆ ಕೆಟ್ಟಿದೆ, ಡಾಕ್ಟರನ್ನು ಕರೆಯೋಣ.

"ತಲೆ ಸರಿಯಾಗೇ ಇದೆ" ಅಂದಳು. "ಬೆಳಿಗ್ಗೆ ಮಾತ್ರೆ ಒಂದು ಕಮ್ಮಿ ಕೊಟ್ಟಿದ್ದಕ್ಕೆ ನನ್ನ ಬೈದ. ಕಜ್ಜಾಯಕ್ಕೆ ಉಪ್ಪು ಮರ್ತಿದ್ದೀಯ ಅಂದ. ನಾನು ಹೇಳಿದ್ದ ಸುಳ್ಳು ಅವನಿಗೆ ಹಿಡಿಸಿದೆ ಕಣೋ. ಅದನ್ನೇ ಇಟ್ಕೊಂಡಿದ್ದಾನೆ."

ಊಟಕ್ಕೆ ನನ್ನ ಪಕ್ಕದಲ್ಲೇ ಕೂತ. ಉಪ್ಪು ಕೊಡ್ತೀರಾ ಅಂದ. ಥ್ಯಾಂಕ್ಸ್ ಅಂದ.


ಮಾರ್ಚ್ 21

ಕಾಲು ಹಿಡಿದು ಕ್ಷಮೆ ಕೇಳಿದೆ. "ಏಳಿ ಸಾರ್, ದೊಡ್ಡವರು ತಾವು, ಬಟ್ಟೆ ಕೊಳೆಯಾಗುತ್ತೆ" ಅಂದ.

ನನ್ನನ್ನು ಹೊಡೆಯಬಾರದೇ ಅವನು. ಕೋಲು ಪಕ್ಕದಲ್ಲೇ ಇದೆ.


ಮಾರ್ಚ್ 22

ಇವತ್ತು ಸೈಕಲ್ ತೆಗೆದೆ. ರೇಸಿನ ಬಟ್ಟೆಯನ್ನೇ ಹಾಕಿದೆ. ಬೆಟ್ಟ ಹತ್ತಿ ಇಳಿದು, ಸುರಂಗದ ಆಚೆಗೆ ಹೋಗಿ ತಿರುಗಿದೆ. ಅದೇ ದಾರಿಯಲ್ಲಿ ಬಂದೆ. ಲಾರಿಯವರು ಹಾರನ್ ಹೊಡೆದರು. ಬಾಲ್ಕನಿಗಳಲ್ಲಿ ಒಗೆದ ಬಟ್ಟೆ ಮಾತ್ರ. ಅಂಗಡಿಯ ಮುಂದೆ ಬ್ರೆಡ್ಡಿನವಳೂ ತುನೀನನೂ ನಿಂತಿದ್ದರು, ಅವರಿಗೆ ನಾಚದೆ ಬಂದೆ. ಬ್ರೇಕು ಹಿಡಿದೆ. ಇಳಿದೆ. ಮೊಣಕಾಲೂರಿದೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅಪ್ಪನ ಬಲಗೈ ಎತ್ತಿ ನನ್ನ ಕೆನ್ನೆಗೆ ಇಟ್ಟುಕೊಂಡೆ.

ಕೈ ಎಳೆದುಕೊಳ್ಳಲಿಲ್ಲ. ಹುಬ್ಬು ಮುಟ್ಟಿದ. ಮೂಗು. ಗಲ್ಲದ ಕೆಳಗಿನ ಹಳೇ ಹೊಲಿಗೆ. ಅದು ಏಳನೇ ವಯಸ್ಸಿನಲ್ಲಿ ಇದೇ ರಸ್ತೆಯಲ್ಲಿ ಬಿದ್ದದ್ದು, ಹೊಲಿಸಿ ಕರೆತಂದವನು ಅವನೇ. ಅಲ್ಲಿ ಬೆರಳು ತುಸು ಹೊತ್ತು ನಿಂತಿತು.

ಕೈ ತೆಗೆದ. ಕೋಟಿಗೆ ಒರೆಸಿಕೊಂಡ.

"ಕ್ಷಮಿಸಿ" ಅಂದ. "ತಾವಲ್ಲ."

ತುನೀನ್ ಅಳುತ್ತಿದ್ದ. ಮುದಿಯ.


ಮಾರ್ಚ್ 24, ಬೆಳಿಗ್ಗೆ

ನೆನ್ನೆಯೂ ಹೋದೆ. ತಾವಲ್ಲ ಅಂದ.

ಈಗ ಮಹಡಿಯ ಕಿಟಕಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಲು ಬೋಳಿಸಿಲ್ಲ, ಯಾಕೆ ಬೋಳಿಸಬೇಕು. ಬಿಸಿಲು ಚೆನ್ನಾಗಿದೆ. ರಜೆಗೆ ಬಂದ ಜರ್ಮನರು ಸೈಕಲ್ಲುಗಳಲ್ಲಿ ಓಡಾಡುತ್ತಿದ್ದಾರೆ, ಹೊಟ್ಟೆ ಬಿಟ್ಟುಕೊಂಡು, ಥಳಥಳ ಹೊಳೆಯುವ ಸೈಕಲ್ಲು. ಕೆಳಗೆ ಅಪ್ಪ. ಸದ್ದು ಕೇಳಿದಾಗೆಲ್ಲ ಕೈ ಚಾಚುತ್ತಾನೆ. ಅವರು ಸುತ್ತು ಹಾಕಿ ಹೋಗುತ್ತಾರೆ.

ಇನ್ನಷ್ಟು ಬೆವರಬೇಕೇನೋ. ಬೆಟ್ಟದ ಮೇಲಿನ ಚರ್ಚಿನವರೆಗೆ ಹತ್ತಿ… ಬೆವರಿನ ಮಾತಲ್ಲ ಎಂದು ಗೊತ್ತು. ಆದರೂ ಹೋಗುತ್ತೇನೆ. ಅಕ್ಕ ಹೇಳುತ್ತಾಳೆ, ಬಿಡು, ಒಂದು ದಿನ ಸುಸ್ತಾಗಿ ಒಳಗೆ ಬರುತ್ತಾನೆ. ಅವನ ಹಟ ನನಗೆ ಗೊತ್ತಿಲ್ಲವೇ.

ಒಬ್ಬ ನಿಲ್ಲಿಸಿದ. ಕೆಂಪು ಅಂಗಿ, ಐವತ್ತರ ಮೇಲಿನವನು, ಬೋಳು ತಲೆ. ನಲ್ಲಿ ಎಲ್ಲಿದೆ ಎಂದು ಕೇಳುತ್ತಿರಬೇಕು, ಬಾಟಲಿ ತೋರಿಸುತ್ತಿದ್ದಾನೆ. ಅಪ್ಪನಿಗೆ ಕಾಣುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲ. ಅಪ್ಪ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡಿದ್ದಾನೆ. ಹಣೆಗೆ ಹಣೆ. ಜರ್ಮನ್ ಕದಲುತ್ತಿಲ್ಲ, ಪಾಪ, ಒಳ್ಳೆಯವನು. ಅಪ್ಪ ಏನೋ ಕೇಳುತ್ತಿದ್ದಾನೆ. ದೊಡ್ಡದಾಗಿ ಕೇಳುತ್ತಿದ್ದಾನೆ, ಇಲ್ಲಿಯವರೆಗೂ ಕೇಳಿಸುವ ಹಾಗೆ — ಗೆದ್ಯೇನೋ, ಗೆದ್ಯೇನೋ ಎಂದು — ಅವನು ತಲೆ ಆಡಿಸಿದ, ಹೌದು ಎನ್ನುವ ಹಾಗೆ, ಮತ್ತು ಅಪ್ಪ ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟ.